ಫಕೀರಪ್ಪನ ಹಸಿ ತೀರ್ಪು

ನಮ್ಮೂರಿನ ನ್ಯಾಯ ಇಲಾಖೆಗೆ ಮೂರು ಶಾಖೆಗಳು. ಒಂದರಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ, ಇನ್ನೊಂದರಲ್ಲಿ ತೀರ್ಪು ಬರೆಯುತ್ತಾರೆ, ಮೂರನೆಯದರಲ್ಲಿ ಅದನ್ನು ಒಣಗಿಸುತ್ತಾರೆ. ಆ ಮೂರನೆಯದರಲ್ಲಿ ನಾನು ಹತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದೆ. ಬಾಗಿಲ ಮೇಲಿನ ಹಲಗೆಯಲ್ಲಿ ‘ಹೊರಸಂಘಗಳ ಶಾಖೆ’ ಎಂದು ಬರೆದಿದ್ದರೂ ಊರವರ ಬಾಯಲ್ಲಿ ಅದು ಒಣಗಿಸೋ ಆಫೀಸು. ನನ್ನ ಪೂರ್ತಿ ಹೆಸರು ವಿರೂಪಾಕ್ಷಪ್ಪ ಎಂಬುದು ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ, ‘ಹಸಿ ಪೆಟಗಿ ವಿರೂಪಣ್ಣ’ ಎಂದರೆ ಮಾತ್ರ ಯಾರಾದರೂ ನಮ್ಮ ಮನೆ ತೋರಿಸುತ್ತಿದ್ದರು.

ನ್ಯಾಯಾಧೀಶರು ಸಹಿ ಹಾಕಿದ ತೀರ್ಪಿನ ಮಸಿ ನಮ್ಮೂರಲ್ಲಿ ತಾನಾಗಿ ಆರುವುದಿಲ್ಲ. ಬಿಸಿಲಿಗಿಟ್ಟರೂ ಅಷ್ಟೇ, ಒಲೆಯ ಮುಂದೆ ಹಿಡಿದರೂ ಅಷ್ಟೇ. ಕೋರ್ಟಿನವರೂ ಅಲ್ಲದ, ಆರೋಪಿಯ ನೆಂಟರೂ ಅಲ್ಲದ ಹೊರಗಿನ ಒಂದು ಸಂಘ ಒಟ್ಟಿಗೆ ಸೇರಿ, ಮೊದಲಿಂದ ಕೊನೆಯವರೆಗೆ ಓದಿಸಿ ಕೇಳಿ, ‘ಒಪ್ಪಿದೆವು’ ಅನ್ನಬೇಕು. ಮನಸ್ಸಿನಿಂದ ಅಂದರೆ ಹತ್ತು ಎಣಿಸುವುದರೊಳಗೆ ಅಕ್ಷರ ಒಣಗುತ್ತದೆ. ನಾಲಿಗೆ ತುದಿಯಿಂದ ಅಂದರೆ ಹಸಿ ಹಸಿಯೇ. ಒಣಗದ ತೀರ್ಪು ನಡೆಯುವುದಿಲ್ಲ. ನಲವತ್ತು ದಿನ ನೋಡಿ, ಆಮೇಲೂ ಹಸಿಯಿದ್ದರೆ ಹಾಳೆಯನ್ನು ಕೋರ್ಟಿನ ಹಿಂದಿನ ತೊಟ್ಟಿಯಲ್ಲಿ ತೊಳೆದು, ಮೊಕದ್ದಮೆಯನ್ನು ಮೊದಲ ಸಾಕ್ಷಿಯಿಂದ ಮತ್ತೆ ಶುರು ಮಾಡುತ್ತಾರೆ.

ಜನ ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರಾಯಿತು. ಹಸಿ ತೀರ್ಪನ್ನು ಒಯ್ಯಲು ಗಾಜಿನ ಮುಚ್ಚಳದ ತಗ್ಗು ಪೆಟ್ಟಿಗೆಯೊಂದಿದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊರಟರೆ ಬಸ್ಸಿನಲ್ಲಿ ಕಂಡಕ್ಟರು ತಾನೇ ಎದ್ದು ಸೀಟು ಬಿಡುತ್ತಾನೆ. ಸಂತೆಯಲ್ಲಿ ಹೆಂಗಸರು ‘ಹಸಿ ಬಂತು, ಸರೀರಿ’ ಎಂದು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ‘ನಿಮ್ಮ ಮನಿಯಾಗ ಯಾವ್ದೂ ಹಸಿ ಇಲ್ಲಲ್ರಿ?’ ಎಂದು ಕೇಳಿಕೊಂಡೇ ಅವಲಕ್ಕಿ ತಟ್ಟೆಗೆ ಕೈ ಹಾಕುತ್ತಾರೆ. ಸಂಘ ಇಲ್ಲದ ಮನುಷ್ಯ ನಮ್ಮೂರಲ್ಲಿ ಸಿಗುವುದು ಕಷ್ಟ. ಹಮಾಲರಿಗೊಂದು, ಮಡಿವಾಳರಿಗೊಂದು, ಬ್ಯಾಂಡು ಬಾರಿಸುವವರಿಗೊಂದು, ಸೈಕಲ್ಲಿನ ಪಂಕ್ಚರ್ ತಿದ್ದುವವರಿಗೊಂದು. ಐದು ಜನ ದಿನಾ ಒಟ್ಟಿಗೆ ಚಹಾ ಕುಡಿದರೆ ಆರನೆಯ ದಿನ ಅವರದೊಂದು ಸಂಘ, ಸಂಘಕ್ಕೊಂದು ಚಾಪೆ.

ಈ ಸಂಘಗಳನ್ನು ಸಂಭಾಳಿಸುವುದೇ ನನ್ನ ನೌಕರಿ. ಹಮಾಲರು ನಿಂತೇ ಕೇಳಬೇಕು, ಕೂರಿಸಿದರೆ ತೂಕಡಿಸುತ್ತಾರೆ. ಅಕ್ಕನ ಬಳಗದಲ್ಲಿ ಓದುವವರು ಹೆಂಗಸರೇ ಆಗಬೇಕು, ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಅವರು ಕಳಿಸಿದ ಚಹಾ ಕುಡಿಯುತ್ತಿರಬೇಕು. ಬ್ಯಾಂಡಿನವರ ಹತ್ತಿರ ಲಗ್ನದ ದಿನಗಳಲ್ಲಿ ಸುಳಿಯಬಾರದು. ಇವೆಲ್ಲ ಸಣ್ಣ ಗುಟ್ಟುಗಳು. ದೊಡ್ಡ ಗುಟ್ಟು ಏನೆಂದರೆ, ತೀರ್ಪು ಯಾರಿಗೆ ತಟ್ಟುತ್ತದೋ ಅವರ ಬಾಗಿಲಿಗೆ ಅದನ್ನು ಒಯ್ಯಲೇಬಾರದು. ಹೊಲದ ತಂಟೆಯನ್ನು ಹೊಲವೇ ಇಲ್ಲದ ಮಡಿವಾಳರಿಗೆ ಓದು. ಗಿರಣಿಯ ವ್ಯಾಜ್ಯವನ್ನು ಬ್ಯಾಂಡಿನವರಿಗೆ ಓದು. ಸಂಕಟ ಇಲ್ಲದವರು ಬೇಗ ಒಪ್ಪುತ್ತಾರೆ, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನಮ್ಮ ಶಾಖೆಯ ಮುಖ್ಯಸ್ಥೆ ಇಂದುಮತಿ ದೇಸಾಯಿ ಮೇಡಂ ಬೇರೆ ಊರಿನ ಅಧಿಕಾರಿಗಳು ಬಂದಾಗ ನನ್ನನ್ನು ಕರೆದು ತೋರಿಸುತ್ತಿದ್ದರು. ನಾನೂ ತಲೆ ಬಗ್ಗಿಸಿ ನಿಲ್ಲುತ್ತಿದ್ದೆ, ಒಳಗೊಳಗೆ ಉಬ್ಬುತ್ತಿದ್ದೆ.

ವರ್ಷಕ್ಕೊಮ್ಮೆ ಮಾಘ ಮಾಸದಲ್ಲಿ ಇಲಾಖೆ ಎಲ್ಲ ಸಂಘಗಳಿಗೂ ಊಟ ಹಾಕುತ್ತದೆ. ಅದಕ್ಕೆ ಕೂಟದೂಟ ಎಂದು ಹೆಸರು. ಕೋರ್ಟಿನ ಮೈದಾನದಲ್ಲಿ ಶಾಮಿಯಾನ, ಸಾವಿರದ ಇನ್ನೂರು ಎಲೆ, ಜೋಳದ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ. ಉಂಡ ಮನೆಯ ತೀರ್ಪನ್ನು ಯಾರು ಬೇಡ ಅಂದಾರು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಅದರ ಏರ್ಪಾಡೆಲ್ಲ ನನ್ನದೇ. ಹೋದ ವರ್ಷ ಕೂಟದೂಟದ ಬೆಳಿಗ್ಗೆ ಅಡಿಗೆಯವರು ಬಂದು ನೀರು ಸಾಲುವುದಿಲ್ಲ ಎಂದರು. ಹುಗ್ಗಿಯ ಹಂಡೆಗಳು ಖಾಲಿ ನಿಂತಿದ್ದವು. ನಾನು ನೇರ ಮೂಲೆಯ ವಾಲ್ವಿನ ಹತ್ತಿರ ಹೋದೆ. ಅಲ್ಲಿ ಪುರಸಭೆಯ ನೀರು ಬಿಡುವ ಫಕೀರಪ್ಪ ಕೂತು ಎಲೆ ಅಡಿಕೆ ಹಾಕುತ್ತಿದ್ದ.

“ಫಕೀರಪ್ಪಾ, ಮಧ್ಯಾಹ್ನದ ತನಕ ನೇಕಾರರ ಓಣಿದು ಬಂದ್ ಮಾಡಿ ಈ ಕಡೆ ಬಿಡಪಾ” ಎಂದೆ.

“ಓಣಿಯವ್ರು ಬೈತಾರ್ರಿ ಸಾಹೇಬ್ರ” ಎಂದ. ನಲ್ಲಿ ಮುರಿದ ವಿಷಯಕ್ಕೆ ಅವನಿಗೂ ಆ ಓಣಿಗೂ ಸಂಕ್ರಾಂತಿಗೆ ಮೊದಲು ದೊಡ್ಡ ಜಗಳವೇ ಆಗಿತ್ತು. ‘ನಿಮಗ ಹನಿ ನೀರು ಬಿಡೂದಿಲ್ಲ ನೋಡ್ರಿ’ ಎಂದು ನಾಲ್ಕು ಜನರ ಮುಂದೆ ಕೂಗಾಡಿದ್ದ. ಬಾಯಿ ಜೋರು, ಮನಸ್ಸು ಹೂವು, ಅಂಥ ಆಸಾಮಿ.

“ಓಣಿಗೆ ಓಣೀನ ಇಲ್ಲಿ ಊಟಕ್ಕ ಬರ್ತದ. ಅಲ್ಲಿ ನೀರು ಯಾರಿಗಿ ಬೇಕು?” ಎಂದೆ. ಹೌದಲ್ಲ ಎಂದು ಅವನೂ ನಕ್ಕು ಕೀಲಿ ತಿರುವಿದ.

ಎರಡನೆಯ ಪಂಕ್ತಿ ಎದ್ದಿರಲಿಲ್ಲ, ನೇಕಾರರ ಓಣಿಯ ಕಡೆಯಿಂದ ಹೊಗೆ ಕಂಡಿತು. ನೂಲಿಗೆ ಗಂಜಿ ಕಾಸುವ ಯಾವುದೋ ಒಲೆಯಲ್ಲಿ ಕೆಂಡ ಉಳಿದಿತ್ತಂತೆ. ಜನ ಎಂಜಲು ಕೈಯಲ್ಲೇ ಓಡಿದರು. ನಲ್ಲಿ ತಿರುವಿದರೆ ಗಾಳಿ ಮಾತ್ರ ಬಂತು. ಫಕೀರಪ್ಪ ಮೈದಾನ ದಾಟಿ ಓಡಿ ಬಂದು ಕೀಲಿ ತಿರುಗಿಸುವಷ್ಟರಲ್ಲಿ ಹದಿನೆಂಟು ಮಗ್ಗ ಸುಟ್ಟು ಬಿದ್ದಿದ್ದವು. ಜೀವಕ್ಕೇನೂ ಆಗಲಿಲ್ಲ, ಅದೊಂದು ಪುಣ್ಯ. ಆದರೆ ಮಗ್ಗ ಹೋದ ಮನೆಯಲ್ಲಿ ಜೀವ ಉಳಿದರೂ ಕೈ ಹೋದ ಹಾಗೇ.

ಪುರಸಭೆಯವರು ಫಕೀರಪ್ಪನ ಮೇಲೆ ಮೊಕದ್ದಮೆ ಹಾಕಿದರು. ಹಳೇ ಜಗಳದ ಸೇಡಿಗೆ ನೀರು ಕಟ್ಟಿದ ಎಂದು. ಆಗ ನಾನು ಎದ್ದು ನಿಂತು ‘ಹೇಳಿದವನು ನಾನು’ ಎನ್ನಬೇಕಾಗಿತ್ತು. ಎನ್ನಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನನಗೆ ಹೆದರಿಕೆಯಾಯಿತು. ಹತ್ತೊಂಬತ್ತು ವರ್ಷ ಎಲ್ಲರ ಮನೆಯಲ್ಲೂ ಚಹಾ ಕುಡಿದವನಿಗೆ ಒಂದು ಮನೆಯಲ್ಲೂ ಚಹಾ ಸಿಗದ ಹಾಗಾಗುವುದೆಂದರೆ ಏನೆಂದು ನಿಮಗೆ ಹೇಗೆ ಹೇಳಲಿ. ನೇಕಾರರ ಸಂಘದವರು ನನ್ನನ್ನೇ ಕರೆದು ‘ಏನಾದೀತ್ರಿ?’ ಎಂದು ಕೇಳಿದಾಗ ‘ನಿಮ್ಮ ಮನಸ್ಸಿಗೆ ವಿರುದ್ಧ ಏನೂ ಆಗೂದಿಲ್ಲ ಬಿಡ್ರಿ’ ಎಂದು ಬೇರೆ ಹೇಳಿ ಬಂದೆ. ನನಗೆ ಅದು ರೂಢಿ. ಯಾರು ಏನು ಕೇಳಲು ಬಯಸುತ್ತಾರೋ ಅದನ್ನು ಅವರ ಚಹಾ ಆರುವುದರೊಳಗೆ ಹೇಳಿಬಿಡುತ್ತಿದ್ದೆ.

ವಿಚಾರಣೆ ಏಳು ತಿಂಗಳು ನಡೆಯಿತು. ಫಕೀರಪ್ಪ ಅಷ್ಟೂ ದಿನ ತಡೆಮನೆಯಲ್ಲಿದ್ದ. ಅದು ಜೈಲಲ್ಲ, ತೀರ್ಪು ಒಣಗುವ ತನಕ ಆರೋಪಿಗಳನ್ನು ಇರಿಸುವ ಮನೆ. ಕಿಟಕಿ ಇದೆ, ಅಂಗಳ ಇದೆ, ಬಾಗಿಲಿಗೆ ಮಾತ್ರ ಹೊರಗಿನಿಂದ ಬೀಗ. ನ್ಯಾಯಾಧೀಶರು ಒಳ್ಳೆಯವರು, ಅಡಿಗೆಯವರನ್ನು ಕರೆಸಿ ಕೇಳಿದರು. ಆ ಹೊತ್ತಿಗೆ ಮೈದಾನಕ್ಕೆ ನೀರು ಬಂದದ್ದು ನಿಜವೆಂದು ಗೊತ್ತಾಯಿತು. ‘ಯಾರು ಹೇಳಿದ್ದು?’ ಎಂದು ಫಕೀರಪ್ಪನನ್ನು ಕೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವನು ನನ್ನ ಕಡೆ ತಿರುಗಲೂ ಇಲ್ಲ. ‘ಇಲಾಖೆಯವ್ರೊಬ್ರು ಹೇಳಿದ್ರು, ಯಾರಂತ ನೆನಪಿಲ್ರಿ’ ಎಂದ. ತೀರ್ಪಿನಲ್ಲಿ ಹಾಗೇ ಬಂತು: ‘ನ್ಯಾಯ ಇಲಾಖೆಯ ನೌಕರರೊಬ್ಬರ ಮಾತಿನ ಮೇರೆಗೆ ನೀರನ್ನು ಕೂಟದೂಟಕ್ಕೆ ತಿರುಗಿಸಿದ್ದು, ಇದರಲ್ಲಿ ಫಕೀರಪ್ಪನ ತಪ್ಪು ಕಂಡುಬಂದಿಲ್ಲ. ಅವನನ್ನು ಬಿಡತಕ್ಕದ್ದು.’

ಸಹಿಯಾದ ಹಾಳೆ ಅಂದೇ ನನ್ನ ಮೇಜಿಗೆ ಬಂತು. ಫಕೀರಪ್ಪ ಮನೆಗೆ ಹೋಗಬೇಕಾದರೆ ಅದನ್ನು ಒಣಗಿಸಬೇಕು. ಒಣಗಿಸಬೇಕಾದವನು ನಾನು.

ಮೊದಲು ಮಡಿವಾಳರಲ್ಲಿಗೆ ಹೋದೆ. ಪೂರ್ತಿ ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ‘ಇದು ನಮಗ ಬ್ಯಾಡ್ರಿ’ ಎಂದರು. ಕಾರಣ ಕೇಳಿದರೆ ಹೇಳಲಿಲ್ಲ. ಬ್ಯಾಂಡಿನವರು ಹುಷಾರಿಲ್ಲ ಎಂದರು, ಹದಿನಾಲ್ಕು ಜನಕ್ಕೂ ಒಂದೇ ದಿನ. ಹಮಾಲರ ಸಂಘದ ಹಿರಿಯ ಇಮಾಮಸಾಬ ಮಾತ್ರ ಬಾಯಿ ಬಿಟ್ಟ.

“ಹುಗ್ಗಿ ಉಂಡೋರು ನಾವಾ ಇದ್ದೇವ್ರಿ ವಿರೂಪಣ್ಣಾರ. ಆ ನೀರು ನಮ್ಮ ಎಲಿಗಿ ಬಂದೈತಿ ಅಂತ ನಾವಾ ಒಪ್ಪಿದ್ರ, ನಾಳೆ ನೇಕಾರ್ರ ಓಣ್ಯಾಗ ಗಂಟು ಹೊತ್ಕೊಂಡು ಹೆಂಗ ಹೋಗೂದು? ಮತ್ತ ಇನ್ನೊಂದೈತಿ. ಇಲಾಖೆಯವ್ರೊಬ್ರು ಅಂದ್ರ ಯಾರು?”

“ಅದು ಗೊತ್ತಾಗಿಲ್ಲಲ್ಲ” ಎಂದೆ.

“ಗೊತ್ತಿಲ್ಲದ್ದನ್ನ ಹೆಂಗ ಒಪ್ಪೂದ್ರಿ?” ಎಂದ. ಬೇಸರವಿಲ್ಲದೆ, ಚೀಲದ ತೂಕ ಕೇಳಿದಷ್ಟೇ ಸಹಜವಾಗಿ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಳ್ಳಲಿಲ್ಲ, ಆದರೆ ಹೆಗಲು ತುರಿಸತೊಡಗಿತು.

ಅಕ್ಕನ ಬಳಗದ ಕಟ್ಟೆಯ ಮೇಲೆ ನನಗೆ ಎರಡು ಸಲ ಚಹಾ ಬಂತು, ಮೂರನೆಯ ಸಲ ಹಸಿ ಹಾಳೆ ಬಂತು. ಅವರದೂ ಅದೇ ಪ್ರಶ್ನೆ, ಯಾರು ಆ ಒಬ್ಬರು. ಮೇಡಂ ಸಲಹೆಯ ಮೇರೆಗೆ ನಿವೃತ್ತ ನೌಕರರ ಸಂಘಕ್ಕೂ ಒಯ್ದೆ. ಅವರು ಯಾವುದಕ್ಕೂ ಇಲ್ಲ ಎಂದವರಲ್ಲ. ನಾನು ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲೇ ಒಪ್ಪಿದೆವು ಎಂದರು, ಓದಿದ ಮೇಲೆ ಇನ್ನೊಮ್ಮೆ ಒಪ್ಪಿದೆವು ಎಂದರು. ಮಸಿ ಹಾಗೇ ಮಿರಿಮಿರಿ ಮಿಂಚುತ್ತಿತ್ತು. ಅವರಲ್ಲೊಬ್ಬರು ಬೀಸಣಿಗೆ ತರಿಸಿ ಬೀಸಿದರು. ಮತ್ತೊಬ್ಬರು ‘ನಮ್ಮ ಕಾಲದಾಗ ಮಸಿ ಚಲೋ ಇರ್ತಿತ್ತು’ ಎಂದರು. ಬೇರೆ ದಿನವಾಗಿದ್ದರೆ ನಾನು ಮನೆಗೆ ಬಂದು ಹೆಂಡತಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಹೀಗೆ ಒಂದು ತಿಂಗಳು ಕಳೆಯಿತು. ನೇಕಾರರ ಓಣಿಯ ಕಡೆ ಮಾತ್ರ ನಾನು ತಲೆಯಿಟ್ಟೂ ಮಲಗಿರಲಿಲ್ಲ. ಅಷ್ಟರಲ್ಲಿ ಊರಿಗೆ ನೀರು ಬಿಡುತ್ತಿದ್ದವಳು ಫಕೀರಪ್ಪನ ಹೆಂಡತಿ ನೀಲವ್ವ. ಗಂಡ ಒಳಗೆ ಹೋದ ಮರುದಿನವೇ ಕೀಲಿ ಎತ್ತಿಕೊಂಡು ಬಂದವಳು ಒಂದು ದಿನವೂ ತಪ್ಪಿಸಿರಲಿಲ್ಲ. ನೇಕಾರರ ಓಣಿಗೂ ಅವಳೇ ಬಿಡುತ್ತಿದ್ದಳು. ಊರು ಅವಳ ಕೈ ನೀರು ಕುಡಿಯುತ್ತಿತ್ತು, ಅವಳ ಗಂಡನ ತೀರ್ಪನ್ನು ಬೇಡವೆನ್ನುತ್ತಿತ್ತು. ಮೂವತ್ತೊಂದನೆಯ ದಿನ ವಾಲ್ವಿನ ಹತ್ತಿರ ನನ್ನನ್ನು ನಿಲ್ಲಿಸಿದಳು.

“ಅಣ್ಣಾರ, ಒಣಗೀತೇನ್ರಿ?”

“ಪ್ರಯತ್ನ ನಡದೈತವ್ವಾ.”

“ತೊಳದ್ರ ಮತ್ತ ಒಂದು ವರ್ಷ ಅಂತಾರ್ರಿ. ಅವರ ಮಣಕಾಲು ಬ್ಯಾನಿ ಜಾಸ್ತಿ ಆಗೈತಿ. ರಾತ್ರಿ ತಾವಾ ಎದ್ದು ನೀರು ಕುಡಿಯಾಕೂ ಆಗವಲ್ದು ಅಂತಾರ. ಅರವತ್ತೊಂದಾತ್ರಿ ಅವರಿಗಿ.” ಇಷ್ಟು ಹೇಳಿ ಕೀಲಿ ತಿರುವಲು ಬಗ್ಗಿದಳು. ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಅಲ್ಲಿಂದ ನೇರ ತಡೆಮನೆಗೆ ಹೋದೆ. ಆ ತನಕ ಒಮ್ಮೆಯೂ ಹೋಗಿರಲಿಲ್ಲ. ಫಕೀರಪ್ಪ ಕಿಟಕಿಯ ಹತ್ತಿರ ಕಾಲು ಚಾಚಿ ಕೂತು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ನನ್ನನ್ನು ಕಂಡು ಏಳಲು ನೋಡಿದ, ಆಗಲಿಲ್ಲ.

“ಫಕೀರಪ್ಪಾ, ನನ್ನ ಹೆಸರು ಯಾಕ ಹೇಳಲಿಲ್ಲ?” ಎಂದೆ. ಉಪಕಾರಕ್ಕೆ, ಹಳೇ ಪರಿಚಯಕ್ಕೆ, ಅಥವಾ ನಾನು ಒಳ್ಳೆಯವನೆಂದು ಎಂಬಂಥ ಉತ್ತರ ಬರುತ್ತದೆಂದು ನಾನು ಕಾಯುತ್ತಿದ್ದೆನೆಂದು ಕಾಣುತ್ತದೆ. ನಾಚಿಕೆಗೇಡು, ಆದರೆ ನಿಜ.

ಅವನು ನಕ್ಕ. “ನಿಮ್ಮ ಹೆಸರು ಹೇಳಿಬಿಟ್ಟಿದ್ರ ನಿಮ್ಮನ್ನ ಕೆಲಸದಿಂದ ತಗೀತಿದ್ರು. ಆಮ್ಯಾಲ ನನ್ನ ತೀರ್ಪು ಹೊತ್ಕೊಂಡು ತಿರುಗೋರು ಯಾರಿದ್ರು ಹೇಳ್ರಿ? ಊರಾಗ ನಿಮ್ಮಷ್ಟು ಲಗೂನ ಒಣಗಸೋರು ಇನ್ನೊಬ್ರು ಯಾರದಾರ? ವಿಚಾರ ಮಾಡೇ ಸುಮ್ಮಾದೆ.” ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಕೇಳಿದ, “ಇನ್ನ ಎಷ್ಟು ದಿನ ಆದೀತ್ರಿ ಸಾಹೇಬ್ರ?”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅವನು ನನ್ನನ್ನು ಕ್ಷಮಿಸಿರಲಿಲ್ಲ, ಕಾಪಾಡಿಯೂ ಇರಲಿಲ್ಲ. ನನ್ನ ಕೈಚಳಕವನ್ನು ನಂಬಿ ಅದರ ಮೇಲೆ ತನ್ನ ಬಿಡುಗಡೆಯನ್ನು ಇಟ್ಟಿದ್ದ. ಆ ಕೈಚಳಕವೋ, ನನ್ನದೊಂದು ಹೆಸರಿನ ಮುಂದೆ ಕೈ ಚೆಲ್ಲಿ ಕೂತಿತ್ತು.

ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

“ವಿರೂಪಾಕ್ಷಪ್ಪ, ಇದನ್ನ ಹೊರಗ ಹೇಳಿದ್ರ ಏನಾಗ್ತದ ಗೊತ್ತದ ಏನು? ನಾಳಿಂದ ಯಾವ ಸಂಘ ನಮ್ಮನ್ನ ಹೊಸ್ತಿಲ ದಾಟಿಸ್ತದ? ಆ ಕಪಾಟಿನ್ಯಾಗ ಇನ್ನೂರು ಹಾಳಿ ಹಸಿ ಅವ. ಇನ್ನೂರು ಮನಿ ಕಾಯಾಕತ್ತಾವ. ಒಬ್ಬನ ಸಲುವಾಗಿ ಅವೆಲ್ಲಾ ತೊಟ್ಟಿಗೆ ಹೋಗಬೇಕೇನು?”

ಆ ಮಾತು ಸುಳ್ಳಲ್ಲ. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಹಾಗೆ ಎರಡು ದಿನ ಕಳೆದೆ. ಇನ್ನೂರು ಮನೆಗಳ ಹೆಸರುಗಳನ್ನು ಕಪಾಟಿನಿಂದ ತೆಗೆದು ಓದಿದೆ. ಓದುತ್ತ ಓದುತ್ತ ತಿಳಿಯಿತು, ನಾನು ಇನ್ನೂರು ಮನೆಗಾಗಿ ಓದುತ್ತಿರಲಿಲ್ಲ, ಬಾಯಿ ಬಿಡದೇ ಇರಲು ಒಂದು ದೊಡ್ಡ ನೆವ ಹುಡುಕುತ್ತಿದ್ದೆ. ಮೂರನೆಯ ದಿನ ಮೇಡಂಗೆ ‘ನೇಕಾರರ ಓಣಿಗೆ ಹೋಗಿ ಬರ್ತೀನ್ರಿ’ ಎಂದೆ. “ಅಮಾಸಿ ದಿನ ಹೋಗು. ಮಗ್ಗ ನಿಂತಿರ್ತಾವ, ಎಲ್ಲಾರೂ ಸಿಗ್ತಾರ” ಎಂದಷ್ಟೇ ಹೇಳಿ ಫೈಲಿಗೆ ತಲೆ ಬಗ್ಗಿಸಿದರು.

ಅಮಾವಾಸ್ಯೆ ಬಂದದ್ದು ಮೂವತ್ತೆಂಟನೆಯ ದಿನ. ಮಧ್ಯಾಹ್ನ ಪೆಟ್ಟಿಗೆ ಹಿಡಿದು ಓಣಿಗೆ ಕಾಲಿಟ್ಟೆ. ಅರ್ಧ ಓಣಿಯಲ್ಲಿ ಹೊಸ ತಗಡು ಹೊದಿಸಿದ್ದರು, ಅರ್ಧ ಓಣಿಯಲ್ಲಿ ಗೋಡೆ ಇನ್ನೂ ಕಪ್ಪಾಗಿತ್ತು. ಸಂಘದ ಮನೆಯಲ್ಲಿ ಅರವತ್ತು ಜನ ಸೇರಿದ್ದರು. ನಡುವೆ ಸಾವಂತ್ರೆವ್ವ ಕೂತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಸಂಘಕ್ಕೆ ಅಧ್ಯಕ್ಷರು ಬೇರೆ ಇದ್ದರೂ ಅವಳು ಹೂಂ ಅನ್ನದೆ ಅಲ್ಲಿ ಯಾವುದೂ ಹೂಂ ಆಗುವುದಿಲ್ಲ. ಹದಿನೆಂಟರಲ್ಲಿ ಎರಡು ಮಗ್ಗ ಅವಳವು. ಈಗ ಬೇರೆಯವರ ಮನೆಯಲ್ಲಿ ಕೂತು ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು.

“ಬಾರೋ ತಮ್ಮಾ. ಊರೆಲ್ಲಾ ತಿರುಗಿ ಕಡೀಕ ನಮ್ಮ ಕಡೆ ಬಂದಿ” ಎಂದಳು. ಯಾರೂ ಚಹಾ ಕೇಳಲಿಲ್ಲ.

ತೀರ್ಪು ಓದಿದೆ. ‘ಇಲಾಖೆಯ ನೌಕರರೊಬ್ಬರ’ ಎಂಬಲ್ಲಿಗೆ ಬಂದಾಗ ನಿಲ್ಲಿಸಿ ಪೆಟ್ಟಿಗೆಯನ್ನು ಕೆಳಗಿಟ್ಟೆ. ಮನೆಯಿಂದ ಹೊರಡುವಾಗ ಒಳ್ಳೆಯ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

“ಆ ಒಬ್ಬರು ನಾನ. ಫಕೀರಪ್ಪ ಬ್ಯಾಡ ಅಂದಿದ್ದ, ನಾನ ತಿರುವಿಸಿದೆ. ಹಂಡೆ ತುಂಬಬೇಕಾಗಿತ್ತು. ಆಮ್ಯಾಲ ಅಂಜಿ ಸುಮ್ಮಾದೆ. ನಿಮ್ಮ ಮನಸ್ಸಿಗೆ ವಿರುದ್ಧ ಆಗೂದಿಲ್ಲ ಅಂತ ಇದ ಜಾಗಾದಾಗ ಕೂತು ನಿಮಗ ಸುಳ್ಳು ಹೇಳಿದೆ.”

ಯಾರೋ ಹಿಂದಿನಿಂದ ಎದ್ದರು. ಯಾರೋ ಅವರನ್ನು ಕೂರಿಸಿದರು. ಬಾಗಿಲ ಹತ್ತಿರ ನಿಂತಿದ್ದ ಒಬ್ಬ ‘ಎಂಟು ತಿಂಗಳಾತಲ್ಲೋ, ಎಂಟು ತಿಂಗಳು’ ಎಂದು ಕೂಗಿದ. ನನಗೆ ಹೊಡೆಯಲಿ ಅನ್ನಿಸಿತು. ಯಾರೂ ಹೊಡೆಯಲಿಲ್ಲ. ಸಾವಂತ್ರೆವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ಹುಗ್ಗಿ ಚಲೋ ಆಗಿತ್ತೇನು?” ಎಂದು ಕೇಳಿದಳು.

ಅವಳು ಏನು ಕೇಳಲು ಬಯಸುತ್ತಿದ್ದಾಳೆಂದು ಅವಳ ಮುಖದಲ್ಲಿ ಹುಡುಕಿದೆ, ಹತ್ತೊಂಬತ್ತು ವರ್ಷದ ಅಭ್ಯಾಸ. ಅಲ್ಲಿ ಏನೂ ಕಾಣಲಿಲ್ಲ. “ಚಲೋ ಆಗಿತ್ತು ಯವ್ವಾ” ಎಂದೆ.

“ಆಗಿತ್ತು” ಎಂದಳು. “ನಾ ಎರಡು ಸಲ ಹಾಕಿಸ್ಕೊಂಡೆ. ಮೂರನೇದಕ್ಕ ಎಲಿ ಹಿಡದಿದ್ದೆ, ಅಷ್ಟೊತ್ತಿಗೆ ಹೊಗಿ ಕಂಡ್ತು. ಮಾಘದಾಗ ಬಾವಿ ಬತ್ತಿರ್ತಾವ. ಸಾವಿರ ಮಂದಿಗೆ ಹುಗ್ಗಿ ಅಂದ್ರ ನೀರು ಎಲ್ಲಿಂದ ಬಂತು ಅಂತ ನಾ ಕೇಳಲಿಲ್ಲ. ಇಲ್ಲಿ ಕುಂತೋರ್ಯಾರೂ ಕೇಳಲಿಲ್ಲ. ಒಲಿ ಆರಿಸದ ಬಂದೋರೂ ಇಲ್ಲೇ ಅದಾರ, ಹೆಸರು ಹೇಳೂದು ಬ್ಯಾಡ.” ಮೂಲೆಯಲ್ಲಿ ಒಬ್ಬ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. ಯಾರೂ ಆ ಕಡೆ ನೋಡಲಿಲ್ಲ.

“ಫಕೀರ‍್ಯಾಗ ಬಾಯಿ ಐತಿ, ಕರುಳಿಲ್ಲ ಅಂತ ನಾವೇ ಹೇಳ್ಕೊಂತ ಬಂದ್ವಿ. ಅವನ ಹೇಣ್ತಿ ದಿನಾ ಬಂದು ನೀರು ಬಿಟ್ಟು ಹೋಗ್ತಾಳ. ಒಂದಿನಾ ಆಕಿ ಮಾರಿ ನೋಡಿ ಮಾತಾಡ್ಸಿಲ್ಲ ನಾವು.” ಅವಳು ಸುತ್ತ ನೋಡಿದಳು. “ಏನಂತೀರಿ? ಬ್ಯಾಡ ಅನ್ನೋರಿದ್ರ ಈಗ ಅನ್ರಿ.”

ಬಾಗಿಲ ಹತ್ತಿರ ಕೂಗಿದವನು ಮಾತಾಡುತ್ತಾನೆಂದು ಎಲ್ಲರೂ ಕಾದರು. ಅವನು ಕಪ್ಪಾದ ಗೋಡೆಗೆ ಮುಖ ತಿರುಗಿಸಿ ನಿಂತಿದ್ದ. ಬಹಳ ಹೊತ್ತಿನ ಮೇಲೆ ‘ಅವಂದೇನು ತಪ್ಪೈತಿ, ಬಿಡ್ರಿ’ ಎಂದ. ಆಮೇಲೆ ಒಬ್ಬರಾದ ಮೇಲೊಬ್ಬರು, ಒಟ್ಟಿಗಲ್ಲ, ತಡವರಿಸುತ್ತ, ಒಪ್ಪಿದೆವು ಒಪ್ಪಿದೆವು ಎಂದರು. ನಾನು ಪೆಟ್ಟಿಗೆಯ ಮೇಲೆ ಬಗ್ಗಿದೆ. ಎಷ್ಟೋ ತೀರ್ಪುಗಳನ್ನು ಒಣಗಿಸಿದವನು, ಅಕ್ಷರ ಒಣಗುವುದನ್ನು ಅಂದು ಮೊದಲ ಸಲ ನೋಡುವವನ ಹಾಗೆ ನೋಡಿದೆ. ಮೇಲಿನ ಸಾಲಿನ ಹೊಳಪು ಹೋಯಿತು, ಆಮೇಲೆ ಅದರ ಕೆಳಗಿನದು, ಕೊನೆಗೆ ಸಹಿ. ಬೆರಳಿಟ್ಟು ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಕಣ್ಣಲ್ಲಿ ನೀರು ಬಂತು, ಹಾಳೆಯ ಮೇಲೆ ಬೀಳಬಾರದೆಂದು ಗಾಬರಿಯಲ್ಲಿ ಹಿಂದೆ ಸರಿದೆ. ಒಣಗಿದ್ದಕ್ಕೆ ಏನಾಗುತ್ತಿತ್ತು, ಆದರೂ.

ಹೊರಡುವಾಗ ಕೈ ಮುಗಿದೆ. ಸಾವಂತ್ರೆವ್ವ ಮುಗಿಯಲಿಲ್ಲ. “ಅವಂದು ಆತು. ಇನ್ನ ನಿಂದು ಐತಿ” ಎಂದಳು.

ಫಕೀರಪ್ಪನನ್ನು ಅಂದೇ ಸಂಜೆ ಬಿಟ್ಟರು. ನೀಲವ್ವ ಕರೆದುಕೊಂಡು ಹೋದಳು, ಅವನು ಅವಳ ಹೆಗಲ ಮೇಲೆ ಕೈಯಿಟ್ಟು ನಿಧಾನವಾಗಿ ನಡೆದ. ನನ್ನನ್ನು ಕಂಡು ‘ನಾ ಹೇಳಿರ್ಲಿಲ್ಲೇನ್ರಿ, ನೀವು ಒಣಗಿಸ್ತೀರಿ ಅಂತ’ ಎಂದ. ಅದು ಹೇಗೆ ಒಣಗಿತೆಂದು ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ನಾನೇ ನಿಲ್ಲಿಸಿ ಹೇಳಿದೆ. ಕೇಳಿ, ‘ಮೊದ್ಲ ದಿನಾನ ಹೇಳಬಹುದಾಗಿತ್ತಲ್ರಿ’ ಎಂದು ನಡೆದುಬಿಟ್ಟ. ಆ ಒಂದು ಮಾತು ಈಗಲೂ ಊಟಕ್ಕೆ ಕೂತಾಗ ಕೇಳಿಸುತ್ತದೆ.

ಮರುದಿನ ನನ್ನ ಹೇಳಿಕೆ ಬರೆದು ನ್ಯಾಯಾಧೀಶರಿಗೆ ಕೊಟ್ಟೆ. ಮೊಕದ್ದಮೆ ನಡೆಯಿತು. ಮೇಡಂ ಹೆದರಿದ ಹಾಗೆ ಎಷ್ಟೋ ಸಂಘಗಳು ಇಲಾಖೆಗೆ ಬಾಗಿಲು ಹಾಕಿದವು, ಕಪಾಟಿನಲ್ಲಿ ಹಾಳೆಗಳು ಹೆಚ್ಚಿವೆ, ಅದೂ ನನ್ನ ತಲೆಯ ಮೇಲೇ ಇದೆ. ನಿನ್ನೆ ನನ್ನ ತೀರ್ಪು ಬಂತು. ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿಲ್ಲ. ಒಣಗುವ ತನಕ ಆರೋಪಿಗೆ ಓದಿ ಹೇಳುವಂತಿಲ್ಲ. ಇವತ್ತು ಬೆಳಿಗ್ಗೆ ಮೇಡಂ ನನ್ನನ್ನಿಟ್ಟಿರುವ ತಡೆಮನೆಯ ಕಿಟಕಿಗೆ ತಾವೇ ಬಂದರು. ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ಹಸಿ ಪೆಟ್ಟಿಗೆಯನ್ನು ಅವರೇ ಎರಡು ಕೈಯಲ್ಲಿ ಹಿಡಿದಿದ್ದರು.

“ನಿನ್ನಷ್ಟು ಗೊತ್ತಿದ್ದವ್ರು ಯಾರೂ ಇಲ್ಲ, ನೀನ ಹೇಳು” ಎಂದರು. “ನಿವೃತ್ತರಿಗೆ ಓದಲೇನು? ಈ ಸಲ ಪೂರ್ತಿ ಕೂತು ಕೇಳ್ತೀವಿ ಅಂದಾರ. ಹಮಾಲರೂ ನಿನ್ನ ಮ್ಯಾಲ ಅಷ್ಟು ಸಿಟ್ಟಾಗಿಲ್ಲ. ಯಾರ ಕಡೆ ಒಯ್ದ್ರ ಲಗೂನ ಒಣಗ್ತದ?”

ಹಮಾಲರು ಎಂದರೆ, ತೀರ್ಪು ನನ್ನ ಕಡೆಗಿದ್ದರೆ, ಸಂಜೆಗೆ ಮನೆಯಲ್ಲಿರುತ್ತೇನೆ. ನಲವತ್ತು ದಿನ, ಆಮೇಲೆ ತೊಟ್ಟಿ, ಆಮೇಲೆ ಮತ್ತೆ ಮೊದಲ ಸಾಕ್ಷಿ, ಎಲ್ಲ ಕಣ್ಣ ಮುಂದೆ ಬಂತು.

“ನೇಕಾರರ ಓಣಿಗೆ ಒಯ್ರಿ” ಎಂದೆ.

“ಅವರು ಒಪ್ಪಲಿಲ್ಲಂದ್ರ?”

“ಒಪ್ಪೂ ತನಕ ಅಲ್ಲಿಗೇ ಒಯ್ರಿ.”